ಹಿಂದಿನ ಜನ್ಮದ ಮಾತು ಮತ್ತು ಬುದ್ಧರು

ಇಂದು ಒಂದೇ ಪ್ರಶ್ನೆ ಇಟ್ಟುಕೊಂಡು ಮಾತಾಡುತ್ತೇನೆ. ಇವತ್ತಿನ ನಮ್ಮ ದುಃಖಕ್ಕೆ ಹಿಂದಿನ ಜನ್ಮದ ಕರ್ಮವೇ ಕಾರಣ ಎಂದು ಬುದ್ಧರು ಹೇಳಿದರೇ? ಬೀದರ್, ಭಾಲ್ಕಿ, ಔರಾದ್ ಸೀಮೆಯಲ್ಲಿ ಈ ಹಿಂದಿನ ಜನ್ಮದ ಮಾತು ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ. ಮಳೆ ಕೈಕೊಟ್ಟು ಹೆಸರು, ಉದ್ದು ಒಣಗಿದರೆ ನಸೀಬು. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಸೋಯಾ ಕೊಳೆತರೆ ಅದೂ ನಸೀಬು. ಅಡತಿ ಅಂಗಡಿಯಲ್ಲಿ ತೊಗರಿಗೆ ದರ ಬೀಳುತ್ತದೆ, ಮನೆಯಲ್ಲಿ ಕೂಸು ಕಾಯಿಲೆ ಬೀಳುತ್ತದೆ, ಮಗಳ ಸಂಸಾರ ನೆಟ್ಟಗಾಗುವುದಿಲ್ಲ. ಎಲ್ಲಕ್ಕೂ ಪಡೆದುಕೊಂಡು ಬಂದದ್ದು ಎಂಬ ಒಂದೇ ಉತ್ತರ. ಈ ಉತ್ತರ ಹೇಳುವವರಲ್ಲಿ ಎಲ್ಲ ಮತದವರೂ ಇದ್ದಾರೆ. ಬೌದ್ಧರೂ ಇದ್ದಾರೆ. ಕರ್ಮ ಎಂಬುದು ಬುದ್ಧರ ಉಪದೇಶದಲ್ಲೇ ಇದೆಯಲ್ಲ, ಹಾಗಾದರೆ ಅವರು ಹೇಳಿದ್ದೂ ಇದನ್ನೇ ಅಲ್ಲವೆ ಎಂದು ಅನೇಕರು ತಿಳಿದಿದ್ದಾರೆ. ಆ ತಿಳಿವಳಿಕೆ ತಪ್ಪು ಎಂಬುದು ನನ್ನ ವಾದ. ಅದಕ್ಕೆ ಆಧಾರಗಳನ್ನು ಕೊಡುತ್ತೇನೆ. ಎದುರು ಬರುವ ಆಕ್ಷೇಪಗಳಿಗೂ ಕೈಲಾದಷ್ಟು ಉತ್ತರ ಕೊಡುತ್ತೇನೆ.

ಈ ಪ್ರಶ್ನೆ ನಮ್ಮ ಜಿಲ್ಲೆಗೆ ಯಾಕೆ ಹತ್ತಿರದ್ದು ಎಂದು ಮೊದಲು ಹೇಳಬೇಕು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಅವರು ಲಕ್ಷಾಂತರ ಜನರೊಂದಿಗೆ ಬೌದ್ಧ ಧಮ್ಮ ಸ್ವೀಕರಿಸಿದರು. ಅದಾದ ಎರಡೂವರೆ ವಾರಕ್ಕೆ, ನವೆಂಬರ್ 1ರಂದು, ಹೈದರಾಬಾದ್ ರಾಜ್ಯ ಒಡೆಯಿತು. ಹಳೆಯ ಬೀದರ್ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ಆಗಿನ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಸೇರಿದವು. ಬೀದರ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ ಬಂದವು. ಗಡಿ ಬದಲಾದರೂ ನಂಟಸ್ತಿಕೆ ಬದಲಾಗಲಿಲ್ಲ. ನಾಗಪುರದ ಸುದ್ದಿ ಮರಾಠಿಯಲ್ಲಿ ಮನೆಮನೆಗೆ ಬಂತು. ಹಾಗಾಗಿ ಇಂದಿಗೂ ಈ ಸೀಮೆಯ ಬುದ್ಧವಿಹಾರಗಳಲ್ಲಿ ತ್ರಿಶರಣ, ಪಂಚಶೀಲ ಪಾಲಿಯಲ್ಲಿ ನಡೆಯುತ್ತವೆ. ಭೀಮಗೀತೆ ಹೆಚ್ಚಾಗಿ ಮರಾಠಿಯಲ್ಲಿ, ಊರಿನ ಮಾತು ಕನ್ನಡದಲ್ಲಿ. 2001ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಬೌದ್ಧರೆಂದು ಬರೆಸಿದವರು ಸುಮಾರು 3 ಲಕ್ಷ 90 ಸಾವಿರ. 2011ರಲ್ಲಿ ಆ ಸಂಖ್ಯೆ 95 ಸಾವಿರದ ಸುಮಾರಿಗೆ ಇಳಿದಿತ್ತು. ಯಾಕೆ ಇಳಿಯಿತು ಎಂಬುದಕ್ಕೆ ಇನ್ನೊಂದು ಭಾಷಣವೇ ಬೇಕು. ಇಲ್ಲಿ ನನಗೆ ಬೇಕಾದದ್ದು ಬೇರೆ ಸಂಗತಿ. ನಿಮ್ಮ ಹುಟ್ಟು ನಿಮ್ಮ ಹಿಂದಿನ ಪಾಪದ ಫಲ ಎಂದು ತಲೆತಲಾಂತರದಿಂದ ಹೇಳಿಸಿಕೊಂಡವರು ಆ ಮಾತನ್ನು ಧಿಕ್ಕರಿಸಿ ಬುದ್ಧರ ಬಳಿಗೆ ಬಂದರು. ಬುದ್ಧರೂ ಅದೇ ಮಾತು ಹೇಳಿದ್ದರೆ ಅಲ್ಲಿಗೆ ಹೋಗುವ ಅಗತ್ಯವೇ ಇರಲಿಲ್ಲ.

ಹಾಗಾದರೆ ಬುದ್ಧರು ಏನು ಹೇಳಿದರು? ಪಾಲಿ ಗ್ರಂಥಗಳಲ್ಲಿ ಸೀವಕನೆಂಬ ಪರಿವ್ರಾಜಕನ ಪ್ರಸಂಗ ಬರುತ್ತದೆ. ಸ್ಥಳ ರಾಜಗೃಹದ ವೇಳುವನ. ಅವನು ಬಂದು ಕೇಳುತ್ತಾನೆ: ಮನುಷ್ಯ ಪಡುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎಂದು ಕೆಲವರು ಹೇಳುತ್ತಾರೆ, ನೀವೇನು ಹೇಳುತ್ತೀರಿ? ಬುದ್ಧರು ಕಾರಣಗಳನ್ನು ಎಣಿಸುತ್ತಾರೆ. ಕೆಲವು ನೋವು ಪಿತ್ತದಿಂದ ಬರುತ್ತವೆ. ಕೆಲವು ಕಫದಿಂದ, ಕೆಲವು ವಾತದಿಂದ, ಕೆಲವು ಈ ಮೂರೂ ಕೂಡಿ ಕೆಡುವುದರಿಂದ. ಕೆಲವು ಋತು ಬದಲಾಗುವುದರಿಂದ. ಕೆಲವು ಮೈಯನ್ನು ಸರಿಯಾಗಿ ನೋಡಿಕೊಳ್ಳದೆ ಬರುತ್ತವೆ. ಕೆಲವು ಹೊರಗಿನ ಪೆಟ್ಟಿನಿಂದ. ಕೆಲವು ಕರ್ಮಫಲದಿಂದ. ಒಟ್ಟು ಎಂಟು ಕಾರಣ. ಅದರಲ್ಲಿ ಏಳು ಇಲ್ಲೇ, ಈ ಮೈಯಲ್ಲೇ, ಈ ಹವೆಯಲ್ಲೇ, ಎದುರಿಗಿರುವ ಮನುಷ್ಯನ ಕೈಯಲ್ಲೇ ಇವೆ. ಎಲ್ಲವೂ ಹಿಂದಿನದರ ಫಲ ಎನ್ನುವವರು ತಮಗೇ ಕಣ್ಣಾರೆ ಗೊತ್ತಿರುವುದನ್ನು ಮೀರಿ ಮಾತಾಡುತ್ತಾರೆ, ಲೋಕ ಒಪ್ಪಿರುವುದನ್ನೂ ಮೀರುತ್ತಾರೆ ಎಂದು ಅವರು ಮುಗಿಸುತ್ತಾರೆ. ಕೇಳುಗರೇ, ಈ ಎಣಿಕೆಯ ಬಗೆಯನ್ನು ಗಮನಿಸಿ. ಇದು ವೈದ್ಯರು ಕೇಳುವ ಬಗೆ. ಎಂಟನೆಯ ಕಾರಣಕ್ಕೆ ಕೈ ಹಾಕುವ ಮುಂಚೆ ಮೊದಲಿನ ಏಳನ್ನು ನೋಡಿ ಎಂಬ ಶಿಸ್ತು ಇದರೊಳಗಿದೆ ಎಂದು ನಾನು ಓದುತ್ತೇನೆ. ಕೂಸಿಗೆ ವಾಂತಿಭೇದಿಯಾದರೆ ಕುಡಿಯುವ ನೀರನ್ನು ಮೊದಲು ನೋಡಬೇಕು.

ಅಂಗುತ್ತರ ನಿಕಾಯ ಎಂಬ ಪಾಲಿ ಗ್ರಂಥದಲ್ಲಿ ಇನ್ನೊಂದು ವಾದ ಬರುತ್ತದೆ. ಅದು ಇನ್ನೂ ಖಡಾಖಂಡಿತ. ಮೂರು ನಂಬಿಕೆಗಳನ್ನು ಬುದ್ಧರು ಅಲ್ಲಿ ತಳ್ಳಿಹಾಕುತ್ತಾರೆ. ಎಲ್ಲವೂ ಪೂರ್ವಕರ್ಮದಿಂದ ಆಗುತ್ತದೆ ಎಂಬುದು ಒಂದು. ಎಲ್ಲವನ್ನೂ ಈಶ್ವರನೇ ಮಾಡಿಸುತ್ತಾನೆ ಎಂಬುದು ಎರಡನೆಯದು. ಯಾವುದಕ್ಕೂ ಕಾರಣವಿಲ್ಲ ಎಂಬುದು ಮೂರನೆಯದು. ತಳ್ಳಿಹಾಕುವುದಕ್ಕೆ ಅವರು ಕೊಡುವ ತರ್ಕ ಸರಳ. ಎಲ್ಲವೂ ಪೂರ್ವಕರ್ಮವಾದರೆ ಕೊಲೆಗಾರ ಕೊಲೆ ಮಾಡುವುದೂ ಪೂರ್ವಕರ್ಮವೇ. ಕಳ್ಳ ಕದಿಯುವುದೂ ಪೂರ್ವಕರ್ಮವೇ. ಆಗ ಇದನ್ನು ಮಾಡಬೇಕು, ಇದನ್ನು ಮಾಡಬಾರದು ಎಂಬ ಮಾತಿಗೇ ಜಾಗವಿಲ್ಲ. ಪ್ರಯತ್ನಕ್ಕೂ ಜಾಗವಿಲ್ಲ. ನಸೀಬೇ ಎಲ್ಲ ಎನ್ನುವವರು ಕಳ್ಳನನ್ನು ಹಿಡಿದು ಪೊಲೀಸ್ ಠಾಣೆಗೆ ಕರೆದುಕೊಂಡು ಹೋಗುತ್ತಾರಲ್ಲ, ಅಲ್ಲಿ ಅವರ ನಸೀಬಿನ ಸಿದ್ಧಾಂತ ರಜೆ ಹಾಕಿರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ದುಃಖಕ್ಕೆ ಕಾರಣಗಳು ಅನೇಕ. ಪೂರ್ವಕರ್ಮವೊಂದೇ ಎಲ್ಲಕ್ಕೂ ಕಾರಣ ಎಂಬುದನ್ನು ಬುದ್ಧರು ಒಪ್ಪಲಿಲ್ಲ. ಈಗ ಮುಂದಿನ ಮಾತು. ಹಾಗಾದರೆ ಅವರು ಕರ್ಮ ಎಂದು ಯಾವುದನ್ನು ಕರೆದರು? ಮನಸ್ಸಿನ ಸಂಕಲ್ಪವನ್ನು. ಪಾಲಿಯಲ್ಲಿ ಅದು ಚೇತನಾ. ಮೊದಲು ಮನಸ್ಸು ಬಯಸುತ್ತದೆ, ಆಮೇಲೆ ಮಾತು ಬರುತ್ತದೆ, ಕೈ ಏಳುತ್ತದೆ. ಆ ಬಯಕೆಯಲ್ಲಿ ಲೋಭ, ದ್ವೇಷ, ಮೋಹ ಇದ್ದರೆ ಕೆಟ್ಟ ಕರ್ಮ. ಅವು ಇಲ್ಲದಿದ್ದರೆ ಒಳ್ಳೆಯ ಕರ್ಮ. ಹೀಗಾಗಿ ಕರ್ಮ ಎಂಬುದು ಈಗ ನಡೆಯುತ್ತಿರುವ ಸಂಗತಿ. ಮಾಡಿದ್ದರ ಫಲ ಕೂಡ ಅಚ್ಚು ಹೊಯ್ದ ಹಾಗೆ ಬರುವುದಿಲ್ಲ. ಇದಕ್ಕೆ ಬುದ್ಧರೇ ಉಪ್ಪಿನ ಹರಳಿನ ಹೋಲಿಕೆ ಕೊಟ್ಟಿದ್ದಾರೆ. ಒಂದು ಬಟ್ಟಲು ನೀರಿಗೆ ಹರಳುಪ್ಪು ಹಾಕಿದರೆ ಆ ನೀರು ಕುಡಿಯಲು ಬರುವುದಿಲ್ಲ. ಅದೇ ಹರಳನ್ನು ಗಂಗಾನದಿಗೆ ಹಾಕಿದರೆ ನದಿ ಉಪ್ಪಾಗುವುದಿಲ್ಲ. ಶೀಲ, ಮೈತ್ರಿ ಬೆಳೆಸಿಕೊಂಡ ಮನಸ್ಸಿನಲ್ಲಿ ಹಳೆಯ ತಪ್ಪು ಕರಗಿಹೋಗುತ್ತದೆ. ಬೆಳೆಯದ ಮನಸ್ಸಿನಲ್ಲಿ ಅದೇ ತಪ್ಪು ವಿಷವಾಗುತ್ತದೆ. ಮಾಡಿದ್ದನ್ನು ಮಾಡಿದ ಹಾಗೆಯೇ ಉಣ್ಣಬೇಕು ಎಂದಿದ್ದರೆ ಧರ್ಮದ ಬಾಳಿಗೆ ಅವಕಾಶವೇ ಇರುತ್ತಿರಲಿಲ್ಲ ಎಂದೂ ಆ ಹೋಲಿಕೆ ಬರುವ ಸುತ್ತ, ಅಂದರೆ ಬುದ್ಧರ ಉಪದೇಶದ ಪಾಠ, ಹೇಳುತ್ತದೆ. ಹೊಲಕ್ಕೆ ನೀರು ಬಿಡದೆ ನಸೀಬು ಎನ್ನುವುದಕ್ಕೂ ಈ ಕರ್ಮಕ್ಕೂ ಸಂಬಂಧವಿಲ್ಲ.

ಓದಿಕೊಂಡ ಕೇಳುಗರು ಇಲ್ಲಿ ನನ್ನನ್ನು ತಡೆಯುತ್ತಾರೆ. ಮಜ್ಝಿಮ ನಿಕಾಯದ ಚೂಳಕಮ್ಮವಿಭಂಗ ಸುತ್ತವನ್ನು ಮರೆತಿರಾ ಎಂದು ಕೇಳುತ್ತಾರೆ. ಮರೆತಿಲ್ಲ. ಅದು ನನ್ನ ವಾದಕ್ಕೆ ಎದುರಿರುವ ದೊಡ್ಡ ಸಾಕ್ಷಿ. ಮನುಷ್ಯರಲ್ಲಿ ಒಬ್ಬ ಅಲ್ಪಾಯುಷಿ, ಒಬ್ಬ ದೀರ್ಘಾಯುಷಿ, ಒಬ್ಬ ಬಡವ, ಒಬ್ಬ ಸಿರಿವಂತ ಯಾಕೆ ಎಂದು ಸುಭನೆಂಬ ಬ್ರಾಹ್ಮಣ ತರುಣ ಅಲ್ಲಿ ಕೇಳುತ್ತಾನೆ. ಕೊಂದವನು ಮುಂದೆ ಅಲ್ಪಾಯುಷಿಯಾಗಿ ಹುಟ್ಟುತ್ತಾನೆ, ಕೊಡದವನು ಬಡವನಾಗಿ ಹುಟ್ಟುತ್ತಾನೆ ಎಂಬ ಅರ್ಥದ ಉತ್ತರ ಬರುತ್ತದೆ. ಇದು ಗ್ರಂಥದಲ್ಲಿ ಇದೆ. ಇಲ್ಲ ಎನ್ನುವುದು ಸರಿಯಲ್ಲ. ಶ್ರೀಲಂಕಾ, ಬರ್ಮಾ ದೇಶಗಳ ಭಿಕ್ಕುಗಳು ಇದನ್ನು ಹಾಗೆಯೇ ಬೋಧಿಸುತ್ತಾರೆ. ಅಂಬೇಡ್ಕರ್ ಅವರು ಒಪ್ಪಲಿಲ್ಲ. ಅವರು ತೀರಿಕೊಂಡ ಮೇಲೆ, 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಅವರು ಒಂದು ಒರೆಗಲ್ಲು ಇಡುತ್ತಾರೆ. ಬುದ್ಧರು ತರ್ಕಬದ್ಧವಾಗಿ ಯೋಚಿಸುವವರು. ಮನುಷ್ಯನ ಹಿತಕ್ಕೆ ಸಂಬಂಧಿಸದ ಚರ್ಚೆಗೆ ಅವರು ಇಳಿಯಲಿಲ್ಲ. ಈ ಒರೆಗೆ ನಿಲ್ಲದ ಮಾತು ಅವರದೆಂದು ಸುಲಭವಾಗಿ ನಂಬಬಾರದು. ಪೂರ್ವಜನ್ಮದ ಕರ್ಮ ಬಡವನ ಬಡತನಕ್ಕೆ ಕಾರಣ ಎಂದುಬಿಟ್ಟರೆ ಸಮಾಜವೂ ಸರಕಾರವೂ ಹೊಣೆಯಿಂದ ಪಾರಾಗುತ್ತವೆ. ಕರುಣಾಮಯಿಯಾದ ಬುದ್ಧರು ಅಂಥ ಸಿದ್ಧಾಂತವನ್ನು ಹೇಗೆ ಹೇಳಿಯಾರು? ಇದು ಬಾಬಾಸಾಹೇಬರ ವಾದದ ತಿರುಳು.

ನನ್ನ ಅಭಿಪ್ರಾಯ ಇವೆರಡರ ನಡುವೆ ಇದೆ. ಆ ಸುತ್ತವನ್ನು ಕಿತ್ತುಹಾಕದೆಯೂ ನನ್ನ ವಾದ ನಿಲ್ಲುತ್ತದೆ. ಅಲ್ಲಿಯ ಉಪದೇಶ ಕರ್ಮ ಮಾಡುವವನಿಗೆ ಹೇಳಿದ್ದು. ಕೊಲ್ಲಬೇಡ, ಕೊಡುವುದನ್ನು ಕಲಿ ಎಂದು ಅದು ತಿದ್ದುತ್ತದೆ. ಪಕ್ಕದ ಮನೆಯ ಬಡವನ ಹಿಂದಿನ ಜನ್ಮದ ಲೆಕ್ಕ ತೆಗೆಯುವ ಅಧಿಕಾರವನ್ನು ಅದು ಯಾರಿಗೂ ಕೊಡುವುದಿಲ್ಲ. ಅಂಗುತ್ತರ ನಿಕಾಯದಲ್ಲಿ ಬುದ್ಧರು ಯೋಚಿಸಿ ತೀರಿಸಲಾಗದ ನಾಲ್ಕು ವಿಷಯಗಳನ್ನು ಹೆಸರಿಸುತ್ತಾರೆ. ಕರ್ಮಫಲದ ಕರಾರುವಾಕ್ಕಾದ ಲೆಕ್ಕ ಅದರಲ್ಲಿ ಒಂದು. ಅದರ ಬೆನ್ನು ಹತ್ತಿದವರಿಗೆ ಬುದ್ಧಿಭ್ರಮೆಯೇ ಗತಿ ಎಂದು ಎಚ್ಚರಿಕೆ ಕೊಡುತ್ತಾರೆ. ಸ್ವತಃ ಬುದ್ಧರೇ ಹಾಕಬೇಡಿ ಎಂದ ಲೆಕ್ಕವನ್ನು ಊರ ಕಟ್ಟೆಯ ಮೇಲೆ ಕೂತವರು ಹಾಕಬಹುದೆ? ಇನ್ನು ಜಾತಿಯ ಮಾತು. ವಾಸೇಟ್ಠ ಸುತ್ತದಲ್ಲಿ ಹುಲ್ಲು, ಮರ, ಹುಳು, ಹಕ್ಕಿಗಳಲ್ಲಿ ಹುಟ್ಟಿನ ಭೇದ ಕಾಣುತ್ತದೆ, ಮನುಷ್ಯರಲ್ಲಿ ಅಂಥ ಭೇದ ಕಾಣುವುದಿಲ್ಲ ಎಂಬ ವಿವರಣೆ ಇದೆ. ಒಕ್ಕಲಿಗ, ಕಸುಬುದಾರ, ವ್ಯಾಪಾರಿ, ಅರಸ, ಎಲ್ಲರೂ ಮಾಡುವ ಕೆಲಸದಿಂದ ಆದವರು. ಪುನರ್ಜನ್ಮದ ಬಗ್ಗೆ ಭಿಕ್ಕುಗಳಿಗೂ ಬಾಬಾಸಾಹೇಬರಿಗೂ ಭಿನ್ನಾಭಿಪ್ರಾಯ ಇರಬಹುದು. ಹುಟ್ಟಿನಿಂದ ಯಾರೂ ಕೀಳಲ್ಲ ಎಂಬಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆ ಇಲ್ಲ.

ಇನ್ನೊಮ್ಮೆ ನೆನಪಿಸುತ್ತೇನೆ. ದುಃಖಕ್ಕೆ ಕಾರಣ ಅನೇಕ. ಕರ್ಮ ಎಂದರೆ ಈಗಿನ ನನ್ನ ಸಂಕಲ್ಪ. ಇನ್ನೊಬ್ಬರ ದುಃಖಕ್ಕೆ ಅದನ್ನು ವಿವರಣೆಯಾಗಿ ಬಳಸುವಂತಿಲ್ಲ. ಇಲ್ಲಿಂದ ಒಳ್ಳೆಯ ಕರ್ಮದ, ಅಂದರೆ ಪುಣ್ಯದ, ಮಾತಿಗೆ ಬರೋಣ. ಈ ಕಡೆ ಹೇಳುವುದಕ್ಕೆ ಬಹಳ ಇದೆ. ನಮ್ಮ ನೆರೆಯ ಕಲಬುರಗಿ ಜಿಲ್ಲೆಯಲ್ಲಿ, ಭೀಮಾನದಿಯ ದಂಡೆಯ ಮೇಲೆ ಸನ್ನತಿ ಇದೆ. ಅದರ ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡದೊಂದು ಸ್ತೂಪ ಬೆಳಕಿಗೆ ಬಂತು. ಸುಮಾರು ಎರಡು ಸಾವಿರ ವರ್ಷದ ಹಿಂದಿನದು. ಅದರ ಸುಣ್ಣಕಲ್ಲಿನ ಫಲಕಗಳಲ್ಲಿ ಒಂದರ ಮೇಲೆ ಅಶೋಕನ ಆಕೃತಿ ಇದೆ. ರಾಣಿಯೂ ಸೇವಕಿಯರೂ ಜತೆಗಿದ್ದಾರೆ. ಬ್ರಾಹ್ಮಿಯಲ್ಲಿ ಅವನ ಹೆಸರನ್ನೂ ಕೊರೆದಿದ್ದಾರೆ. ಪ್ರವಾಸಿಗರು ಅದನ್ನು ನೋಡಲು ಹೋಗುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅಲ್ಲಿಯ ಚಿಕ್ಕ ಚಿಕ್ಕ ದಾನಶಾಸನಗಳು. ಇನ್ನೂರಕ್ಕೂ ಹೆಚ್ಚು ಬರಹಗಳು ಸಿಕ್ಕಿವೆ. ಗೃಹಸ್ಥರು, ಹೆಂಗಸರು, ಭಿಕ್ಕುಗಳು, ಭಿಕ್ಕುಣಿಯರು ಕಲ್ಲಿನ ಮೇಲೆ ಹೆಸರು ಬರೆಸಿದ್ದಾರೆ. ಒಬ್ಬ ಅರಸ ಒಂದೇ ಕೈಯಿಂದ ಕಟ್ಟಿಸಿದ್ದಲ್ಲ ಅದು. ಒಂದೊಂದು ಕಲ್ಲು ಒಬ್ಬೊಬ್ಬರದು. ಪುಣ್ಯ ಎಂಬುದು ಆ ಜನಕ್ಕೆ ಕೂಡಿ ಮಾಡುವ ಕೆಲಸವಾಗಿತ್ತು.

ಪುಣ್ಯಕ್ಕೆ ಕಲ್ಲು ಕೊಡುವುದೊಂದೇ ದಾರಿಯೆ? ಸಂಯುತ್ತ ನಿಕಾಯದಲ್ಲಿ ಯಾರ ಪುಣ್ಯ ಹಗಲಿರುಳೂ ಬೆಳೆಯುತ್ತದೆ ಎಂಬ ಪ್ರಶ್ನೆ ಬರುತ್ತದೆ. ತೋಪು ನೆಡುವವರು, ಸೇತುವೆ ಕಟ್ಟುವವರು, ಅರವಟ್ಟಿಗೆ ಇಡುವವರು, ಬಾವಿ ತೋಡಿಸುವವರು, ತಂಗಲು ಜಾಗ ಕೊಡುವವರು ಎಂಬುದು ಅಲ್ಲಿಯ ಉತ್ತರ. ಅಶೋಕ ತನ್ನ ಎರಡನೆಯ ಬಂಡೆಶಾಸನದಲ್ಲಿ ಹೇಳಿಕೊಳ್ಳುವುದೂ ಇದೇ ಬಗೆಯ ಕೆಲಸ: ಮನುಷ್ಯರಿಗೂ ದನಕರುಗಳಿಗೂ ಔಷಧ, ದಾರಿಯುದ್ದಕ್ಕೂ ಬಾವಿ, ಮರ. ಬರದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೀದರ್ ನಗರದ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿ, ಅಂದರೆ ಕರೇಜ್, ಇದೆಯಲ್ಲ. ಸುಮಾರು 3 ಕಿಲೋಮೀಟರ್ ಉದ್ದ ನೆಲದಡಿ ನೀರು ಹರಿಯುವ ಹಾಗೆ ಜಂಬಿಟ್ಟಿಗೆ ಕೊರೆದಿದ್ದಾರೆ. ಅಲ್ಲಲ್ಲಿ ಮೇಲಿನಿಂದ ಇಳಿಬಿಟ್ಟ ಬಾವಿಗಳಿವೆ. ಅದನ್ನು ಕಟ್ಟಿದವರು ಬೌದ್ಧರಲ್ಲ. ಆದರೆ ಆ ಸುತ್ತದ ಪಟ್ಟಿಯಲ್ಲಿ ಕಟ್ಟಿದವರ ಮತ ಯಾವುದು ಎಂಬ ಷರತ್ತೂ ಇಲ್ಲ. ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಬಾವಿ ತೋಡಿಸಿ, ಅದರಿಂದ ಕೆಲವರು ನೀರು ಸೇದಬಾರದು ಎಂದರೆ? ಊರೂರಲ್ಲಿ ಹಾಗೇ ಇತ್ತು. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯಲ್ಲಿ ಅಂಬೇಡ್ಕರ್ ಅವರು ಸಾವಿರಾರು ಜನರೊಂದಿಗೆ ನೀರು ಮುಟ್ಟಿ ಕುಡಿದದ್ದು ಇದನ್ನೇ ಪ್ರಶ್ನಿಸಿ. ಬಾಯಾರಿದವನನ್ನು ಓಡಿಸುವ ಬಾವಿಯ ಪುಣ್ಯ ಬೆಳೆಯುವುದಿಲ್ಲ. ಸಂಕಲ್ಪವೇ ಕರ್ಮವಾದರೆ, ಆ ಬಾವಿ ತೋಡಿಸಿದವನ ಸಂಕಲ್ಪದಲ್ಲೇ ತಿರಸ್ಕಾರ ಬೆರೆತಿತ್ತು.

ಪುಣ್ಯದ ಬಗ್ಗೆ ಇನ್ನೂ ಗಟ್ಟಿ ಮಾತು ದೀಘ ನಿಕಾಯದ ಕೂಟದಂತ ಸುತ್ತದಲ್ಲಿದೆ. ಕೂಟದಂತನೆಂಬ ಬ್ರಾಹ್ಮಣ ದೊಡ್ಡ ಯಜ್ಞಕ್ಕೆ ಅಣಿಯಾಗಿದ್ದಾನೆ. ನೂರಾರು ಹೋರಿ, ಕುರಿ, ಆಡುಗಳನ್ನು ಕಂಬಕ್ಕೆ ಕಟ್ಟಿಸಿದ್ದಾನೆ. ಬುದ್ಧರು ಅವನಿಗೆ ಹಿಂದಿನ ಒಬ್ಬ ಅರಸನ ಕಥೆ ಹೇಳುತ್ತಾರೆ. ಆ ಅರಸನ ನಾಡಿನಲ್ಲಿ ದರೋಡೆ ಹೆಚ್ಚಿತ್ತು. ಈ ಹೊತ್ತಿನಲ್ಲಿ ಯಜ್ಞಕ್ಕೆಂದು ತೆರಿಗೆ ಹಾಕುವುದು ಅನ್ಯಾಯ ಎಂದು ಅವನ ಪುರೋಹಿತ ತಡೆಯುತ್ತಾನೆ. ಕಳ್ಳರನ್ನು ಕೊಂದರೂ ಸೆರೆಗೆ ಹಾಕಿದರೂ ಕಳವು ನಿಲ್ಲುವುದಿಲ್ಲ. ಒಕ್ಕಲುತನ ಮಾಡುವವರಿಗೆ, ದನ ಸಾಕುವವರಿಗೆ ಬೀಜ, ಮೇವು ಕೊಡು. ವ್ಯಾಪಾರ ಮಾಡುವವರಿಗೆ ಬಂಡವಾಳ ಕೊಡು. ಅರಸನ ಚಾಕರಿ ಮಾಡುವವರಿಗೆ ಸರಿಯಾದ ಸಂಬಳ ಕೊಡು ಎನ್ನುತ್ತಾನೆ. ಅರಸ ಹಾಗೆ ಮಾಡಿದ ಮೇಲೆ ನಾಡು ನೆಮ್ಮದಿಯಾಯಿತು. ಇದು ಕೇವಲ ಕಥೆ ಎನ್ನುವವರು ಮಿರಗದ ಮಳೆಯ ಹೊತ್ತಿಗೆ ಔರಾದ್ ತಾಲ್ಲೂಕಿನ ಹಳ್ಳಿಗಳಲ್ಲಿ ಬೀಜ, ಗೊಬ್ಬರಕ್ಕಾಗಿ ನಡೆಯುವ ಓಡಾಟವನ್ನು ನೆನೆಸಿಕೊಳ್ಳಲಿ. ಆಗ ಕೈಗಡ ತಂದದ್ದರ ಬಡ್ಡಿ ರಾಶಿಯ ತನಕ ಬೆಳೆಯುತ್ತದೆ. ಬೀದರ್ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕು ಹೆಂಗಸರ ಸ್ವಸಹಾಯ ಗುಂಪುಗಳಿಗೆ ಸಾಲ ಕೊಡುವುದರಲ್ಲಿ ದೇಶದ ಗಮನ ಸೆಳೆದದ್ದು ನಿಮಗೆ ಗೊತ್ತಿದೆ. ಆ ಸಾಲ ಎಲ್ಲ ಕಡೆಯೂ ಸರಿಯಾಗಿ ನಡೆಯಿತೆ ಎಂಬುದು ಬೇರೆ ಚರ್ಚೆ. ಆದರೆ ಬಡ ಹೆಣ್ಣುಮಗಳ ಕೈಗೆ ಬಂಡವಾಳ ಕೊಡಬೇಕು ಎಂಬ ಯೋಚನೆ ಕೂಟದಂತನಿಗೆ ಹೇಳಿದ ಯೋಚನೆಯ ಹತ್ತಿರದ್ದು. ಬಡತನ ಪೂರ್ವಕರ್ಮವಾಗಿದ್ದರೆ ಬೀಜ ಕೊಡು ಎಂದು ಬುದ್ಧರು ಹೇಳುತ್ತಿರಲಿಲ್ಲ, ಅನುಭವಿಸಲಿ ಬಿಡು ಎನ್ನುತ್ತಿದ್ದರು. ನನ್ನ ಮಟ್ಟಿಗೆ ಇಡೀ ವಾದದಲ್ಲಿ ಇದಕ್ಕಿಂತ ಬಲವಾದ ಸಾಕ್ಷಿ ಇಲ್ಲ.

ಇನ್ನು ಉಳಿದದ್ದು ಮೂರು ಆಕ್ಷೇಪ. ಮೊದಲನೆಯದು ನಮ್ಮ ಭಾಗದಲ್ಲೇ ಹುಟ್ಟುವಂಥದ್ದು. ಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ, ಕಾಯಕ, ದಾಸೋಹ ಹೇಳಿದ ಶರಣರಿದ್ದಾರೆ, ಬುದ್ಧರು ಯಾಕೆ ಬೇಕು ಎನ್ನುವವರುಂಟು. ಬೇಕು ಬೇಡ ಎಂಬ ಪೈಪೋಟಿಯನ್ನು ನಾನು ಹೂಡುವುದಿಲ್ಲ. ಭಾಲ್ಕಿ ಹಿರೇಮಠ ಸಂಸ್ಥಾನ ಹೆತ್ತವರು ಬಿಟ್ಟುಹೋದ ಕೂಸುಗಳನ್ನು ಸಾಕುತ್ತಾ ಬಂದಿದೆ. ಆ ಕೂಸಿನ ಪೂರ್ವಜನ್ಮ ಯಾವುದು ಎಂದು ಅಲ್ಲಿ ಯಾರೂ ಕೇಳಿದ್ದಿಲ್ಲ. ನಾನು ಹೇಳುತ್ತಿರುವ ಬೌದ್ಧ ಪುಣ್ಯಕ್ಕೂ ಆ ದಾಸೋಹಕ್ಕೂ ಜಗಳವಿಲ್ಲ.

ಎರಡನೆಯ ಆಕ್ಷೇಪ ಹೀಗಿದೆ. ಮುಂದಿನ ಜನ್ಮದ ಭಯವಿಲ್ಲದಿದ್ದರೆ ಜನ ಒಳ್ಳೆಯವರಾಗಿರುವುದೇಕೆ? ಕಾಲಾಮರೆಂಬ ಜನರಿಗೆ ಬುದ್ಧರು ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಪರಲೋಕ ಇದ್ದರೆ ಒಳ್ಳೆಯವನಿಗೆ ಅಲ್ಲಿ ಒಳ್ಳೆಯದಾಗುತ್ತದೆ. ಇಲ್ಲದಿದ್ದರೂ ಇಲ್ಲೇ, ಈ ಬಾಳಿನಲ್ಲೇ, ದ್ವೇಷವಿಲ್ಲದೆ ಹಗುರವಾಗಿ ಬದುಕಿದ ಲಾಭ ಅವನಿಗೆ ಸಿಕ್ಕೇ ಸಿಗುತ್ತದೆ. ಹೀಗಾಗಿ ಒಳ್ಳೆಯತನ ಪುನರ್ಜನ್ಮದ ನಂಬಿಕೆಯ ಮೇಲೆ ನಿಲ್ಲಬೇಕಾಗಿಲ್ಲ. ಭಯದಿಂದ ಒಳ್ಳೆಯವರಾದವರು ಭಯ ಹೋದೊಡನೆ ಏನಾಗುತ್ತಾರೆ ಎಂಬುದನ್ನು ನಾವೆಲ್ಲ ನೋಡಿದ್ದೇವೆ.

ಮೂರನೆಯದು ಕಷ್ಟದ ಪ್ರಶ್ನೆ. ನಸೀಬು ಎಂಬ ಮಾತಿನಲ್ಲಿ ಸಮಾಧಾನ ಇದೆ. ಮಗನನ್ನು ಕಳೆದುಕೊಂಡ ತಾಯಿಯಿಂದ ಆ ಮಾತನ್ನೂ ಕಿತ್ತುಕೊಂಡರೆ ಅವಳಿಗೆ ಏನು ಉಳಿಯುತ್ತದೆ? ಕಿತ್ತುಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ. ಅಳುವವರ ಮುಂದೆ ಸಿದ್ಧಾಂತ ಹೇಳಬಾರದು. ಆದರೆ ಬುದ್ಧರು ಅಂಥ ಹೊತ್ತಿನಲ್ಲಿ ಏನು ಮಾಡಿದರು ಎಂಬುದನ್ನು ನೋಡಿ. ಕಿಸಾಗೋತಮಿ ಎಂಬ ತಾಯಿ ಸತ್ತ ಕೂಸನ್ನು ಎತ್ತಿಕೊಂಡು ಔಷಧ ಕೇಳಲು ಬಂದಳು. ಹಿಂದಿನ ಜನ್ಮದಲ್ಲಿ ನೀನು ಏನೋ ಮಾಡಿದ್ದಿ ಎಂದು ಅವರು ಅವಳಿಗೆ ಹೇಳಲಿಲ್ಲ. ಸಾವಿಲ್ಲದ ಮನೆಯ ಸಾಸಿವೆ ತಾ ಎಂದು ಕಳಿಸಿದರು. ಅವಳು ಮನೆಮನೆಗೆ ಹೋದಳು. ಸಾಸಿವೆ ಎಲ್ಲರ ಮನೆಯಲ್ಲೂ ಇತ್ತು, ಸಾವೂ ಇತ್ತು. ಆ ತಾಯಿಗೆ ಸಮಾಧಾನ ಬಂದದ್ದು ಇತರರ ದುಃಖದ ಪಕ್ಕ ತನ್ನದನ್ನು ಇಟ್ಟು ನೋಡಿದಾಗ. ನಸೀಬು ಎಂಬ ಮಾತು ಮನುಷ್ಯನನ್ನು ಅವನ ಪಾಪದ ಜತೆ ಒಂಟಿಯಾಗಿ ಬಿಡುತ್ತದೆ. ಸಾಸಿವೆಯ ಆ ಓಡಾಟ ಅವಳನ್ನು ಊರಿನ ಜತೆ ಸೇರಿಸಿತು.

ಬಾಳಿನ ಗುರಿ ಏನು ಎಂದೂ ಕೇಳುತ್ತಾರೆ. ಅದಕ್ಕೆ ಇಲ್ಲಿ ಎರಡೇ ಮಾತು. ಬುದ್ಧರು ದುಃಖವಿದೆ ಎಂದಷ್ಟೇ ಹೇಳಿ ನಿಲ್ಲಿಸಿದ್ದರೆ ಅದು ನಿರಾಶೆಯ ಧರ್ಮವಾಗುತ್ತಿತ್ತು. ಈ ಸಂಶಯವನ್ನು ಅಂಬೇಡ್ಕರ್ ಅವರೇ ತಮ್ಮ ಗ್ರಂಥದ ಪೀಠಿಕೆಯಲ್ಲಿ ಎತ್ತಿದ್ದಾರೆ. ಆದರೆ ದುಃಖಕ್ಕೆ ಕಾರಣವಿದೆ, ಕೊನೆಯಿದೆ, ದಾರಿಯಿದೆ ಎಂಬ ಮೂರು ಮಾತು ಅದರ ಹಿಂದೆಯೇ ಬರುತ್ತವೆ. ಭಿಕ್ಕುವಿಗೆ ಆ ದಾರಿ ನಿಬ್ಬಾಣದ ಕಡೆಗೆ. ಗೃಹಸ್ಥನಿಗೆ ಪಂಚಶೀಲ, ದಾನ, ಮೈತ್ರಿ. ಧಮ್ಮ ಇರುವುದು ಲೋಕವನ್ನು ಹೊಸದಾಗಿ ಕಟ್ಟುವುದಕ್ಕೆ ಎಂದು ಬಾಬಾಸಾಹೇಬರು ಇದಕ್ಕೆ ಇನ್ನೊಂದು ಅಗಲ ಕೊಟ್ಟರು.

ಆಷಾಢ ಹುಣ್ಣಿಮೆಯಿಂದ ವರ್ಷಾವಾಸದ ಮೂರು ತಿಂಗಳು ಗಲ್ಲಿಯ ವಿಹಾರಗಳಲ್ಲಿ ಧಮ್ಮಗ್ರಂಥ ಓದುವವರಿಗೆ ಒಂದು ಸಲಹೆ. 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದ ನಾಲ್ಕನೆಯ ಭಾಗದಲ್ಲಿ ಕರ್ಮದ ಪ್ರಕರಣ ಬರುತ್ತದೆ. ಆ ದಿನ ಸೀವಕನ ಎಂಟು ಕಾರಣಗಳನ್ನೂ ಸುಭನ ಪ್ರಶ್ನೆಯನ್ನೂ ಜತೆಗಿಟ್ಟುಕೊಂಡು ಓದಿ. ಸುಭನ ಸುತ್ತವನ್ನು ಬಿಡಬೇಡಿ, ಅದು ನನ್ನ ವಾದಕ್ಕೆ ತೊಡಕಾದರೂ ಸರಿ. ಕನ್ನಡದಲ್ಲಿ ತಿಪಿಟಕದ ಸಂಪುಟಗಳನ್ನು ಬೆಂಗಳೂರಿನ ಮಹಾಬೋಧಿ ಸೊಸೈಟಿ ಪ್ರಕಟಿಸಿದೆ. ಓದಿದ ಮೇಲೆ ಹಿರಿಯರಿಗೂ ಹುಡುಗರಿಗೂ ಮಾತಾಡಲು ಸಮಯ ಕೊಡಿ.